ಮಾವನ ಎಂಟು, ನನ್ನ ಆರೂವರೆ

ಮಾವನ ಕಾಟ ಮಾವ ಬದುಕಿರುವ ತನಕ ಮಾತ್ರ ಎಂದು ನಂಬಿಕೊಂಡಿದ್ದ ಅಮಾಯಕ ಅಳಿಯಂದಿರಲ್ಲಿ ನಾನೂ ಒಬ್ಬ. ನಮ್ಮ ಮಾವ ಅಂಬ್ರೋಜ್ ತೀರಿಕೊಂಡು ಒಂದು ವರ್ಷವಾಯಿತು. ಕಾಟ ಮಾತ್ರ ಈಗ ತಾನೇ ಶುರುವಾದ ಹಾಗಿದೆ.

ನನ್ನ ಹೆಸರು ಲೋವ್ರೊ. ಕ್ರೊಯೇಷಿಯಾ ಗಡಿಯ ಹತ್ತಿರದ ಕೊಚೆವ್ಯೆ ಕಾಡಿನ ಅಂಚಿನ ಹಳ್ಳಿಯಲ್ಲಿ ವಾಸ. ಇಪ್ಪತ್ತಮೂರು ವರ್ಷದಿಂದ ಮಿಲೋಯ್ಕಳ ಗಂಡ, ಹತ್ತೊಂಬತ್ತು ವರ್ಷದಿಂದ ಬೇಟೆಗಾರ. (ಎರಡು ಇಲಾಖೆಗಳಲ್ಲೂ ನನ್ನ ಸಾಧನೆ ಏನು ಎಂದು ಮಾತ್ರ ದಯವಿಟ್ಟು ಕೇಳಬೇಡಿ.)

ಮಾವ ಸತ್ತದ್ದೇ ವಿಚಿತ್ರ ರೀತಿಯಲ್ಲಿ. ಹೋದ ವರ್ಷದ ಅಕ್ಟೋಬರಿನಲ್ಲಿ, ಮಂಜು ಕವಿದ ಒಂದು ಬೆಳಿಗ್ಗೆ, ತಾವೇ ಕಟ್ಟಿದ ಅಟ್ಟಣೆಯ ಮೇಲೆ ಕೂತಲ್ಲೇ ಹೋಗಿಬಿಟ್ಟರು. ನಾವು ಹೋಗಿ ನೋಡಿದಾಗ ಬೆನ್ನು ನೆಟ್ಟಗಿತ್ತು, ಕೋವಿ ತೊಡೆಯ ಮೇಲಿತ್ತು, ಆರಿಹೋದ ಪೈಪು ಬಾಯಲ್ಲೇ ಇತ್ತು, ತೆರೆದ ಕಣ್ಣು ಜಿಂಕೆ ಬರುವ ಜಾಡಿನ ಮೇಲೆ ನೆಟ್ಟಿತ್ತು. ಕೆಳಗಿಳಿಸುವುದಕ್ಕೆ ನಾಲ್ಕು ಜನ ಬೇಕಾಯಿತು. ಟ್ರಿಗರಿನಿಂದ ಬೆರಳು ಬಿಡಿಸುವುದಕ್ಕೆ ಐದನೆಯವನೊಬ್ಬ ಬೇಕಾಯಿತು. ಆ ಐದನೆಯವನು ನಾನೇ. ಆ ಬೆರಳು ನನ್ನ ಕೈಯನ್ನು ಒಮ್ಮೆ ಹಿಡಿದುಕೊಂಡಿತು ಎಂದು ನಾನು ಇವತ್ತಿಗೂ ಯಾರ ಹತ್ತಿರವೂ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ, ನಿಮ್ಮಲ್ಲೇ ಇರಲಿ.

ನಮ್ಮ ಬೇಟೆ ಕೂಟದಲ್ಲಿ ಯಾರ ಪಾಲಿಗೆ ಯಾವ ಜಿಂಕೆ ಎಂದು ವರ್ಷದ ಮೊದಲಲ್ಲೇ ಗೊತ್ತು ಮಾಡಿರುತ್ತಾರೆ. ಮಾವನ ಪಾಲಿಗೆ ಬಂದಿದ್ದದ್ದು ಹನ್ನೆರಡು ಕವಲಿನ ಕೊಂಬಿನ ಒಂದು ಮುದಿ ಜಿಂಕೆ. ಬೇಟೆಗಾರ ನಡುವೆ ಸತ್ತರೆ, ಅವನ ಪಾಲಿನ ಪ್ರಾಣಿಯನ್ನು ಮುಂದಿನ ವರ್ಷ ನವೆಂಬರಿನಲ್ಲಿ ಬರುವ ಮಾರ್ಟಿನ್ ಸಂತನ ಹಬ್ಬದೊಳಗೆ ಅವನ ಮನೆಯವರು ಹೊಡೆಯಬೇಕು. ಹೊಡೆದರೆ ಅಟ್ಟಣೆ ಆ ಮನೆಗೇ ಉಳಿಯುತ್ತದೆ. ಇಲ್ಲದಿದ್ದರೆ ಸಾಲಿನಲ್ಲಿ ಮುಂದಿರುವವನಿಗೆ ಹೋಗುತ್ತದೆ. ಸಾಲಿನಲ್ಲಿ ಮುಂದಿದ್ದವನು ವಿಂಕೊ, ಮಿಲೋಯ್ಕಳ ಚಿಕ್ಕಪ್ಪನ ಮಗ.

"ಅಪ್ಪ ಕಟ್ಟಿದ ಅಟ್ಟಣೆ ಮೇಲೆ ಆ ವಿಂಕೊ ಕಾಲು ಚಾಚ್ಕೊಂಡು ಬೀರ್ ಕುಡೀತಾನೆ. ಅದನ್ನ ನೋಡೋಕೆ ನಾನು ಬದುಕಿರ್ಬೇಕಾ?" ಎಂದು ಮಿಲೋಯ್ಕ ಬೇಸಿಗೆಯಿಡೀ ಕೇಳಿದಳು. ಹಾಗೆ ಕೇಳುವಾಗ ಅವಳ ಕಣ್ಣು ತುಂಬುತ್ತಿತ್ತು. ತಾಯಿಯಿಲ್ಲದ ಆರು ವರ್ಷದ ಮಗಳನ್ನು ಮಾವ ಬೆನ್ನ ಮೇಲೆ ಹೊತ್ತು ಹತ್ತಿಸುತ್ತಿದ್ದ ಜಾಗ ಅದು. ಅವಳು ಬೈದರೆ ನಾನು ತಡೆದುಕೊಳ್ಳಬಲ್ಲೆ, ಅಭ್ಯಾಸವಿದೆ. ಅತ್ತರೆ ನನ್ನ ಕೈಲಾಗುವುದಿಲ್ಲ. ಆದ್ದರಿಂದ, ಹಬ್ಬಕ್ಕೆ ಒಂದೇ ವಾರ ಉಳಿದಿರುವಾಗ, ಆ ಜಿಂಕೆಯನ್ನು ನಾನೇ ಹೊಡೆಯುತ್ತೇನೆಂದು ಊಟದ ಮೇಜಿನ ಮುಂದೆ ಭೀಷ್ಮಪ್ರತಿಜ್ಞೆ ಮಾಡಿದೆ.

ಪ್ರತಿಜ್ಞೆಯ ಬಿಸಿ ಆರುವ ಮೊದಲೇ ಜಗಳ ಹತ್ತಿಕೊಂಡಿತು. ಯಾವ ಕಾಡತೂಸು?

ನಮ್ಮ ಮನೆಯ ಉಕ್ಕಿನ ಬೀರುವಿನಲ್ಲಿ ಎರಡು ಕೋವಿಗಳಿವೆ. ನನ್ನದು ಆರೂವರೆ ಮಿಲಿಮೀಟರಿನ ಗುಂಡು ಹಾರಿಸುವುದು. ಮಾವನದು ಎಂಟರದ್ದು. ಬೀರುವಿನ ಬೀಗದ ಕೈ ಒಂದೇ, ಅದು ಮಿಲೋಯ್ಕಳ ಕೊರಳ ಸರದಲ್ಲಿ. (ಇದರಿಂದ ನಮ್ಮ ಮನೆಯ ಸಂವಿಧಾನ ನಿಮಗೆ ಅರ್ಥವಾಗಿರಬೇಕು.)

"ಎಂಟು ತಗೊಂಡು ಹೋಗಿ," ಎಂದಳು, ಮುದ್ದೆ ತಿರುವುತ್ತಾ.

"ನೋಡು ಮಿಲೋಯ್ಕ, ಪ್ರಪಂಚ ಮುಂದೆ ಹೋಗಿದೆ. ಆರೂವರೆ ಅಂದ್ರೆ ಉದ್ದನೆ ಗುಂಡು, ಗಾಳೀನ ಸೀಳ್ಕೊಂಡು ನೆಟ್ಟಗೆ ಹೋಗತ್ತೆ."

"ಎಂಟು ಎಲ್ಲಿಗೆ ಹೋಗತ್ತೆ? ಪೋಸ್ಟಾಫೀಸಿಗಾ?"

"ಅದು ನಿಮ್ಮಪ್ಪನ ಕಾಲದ್ದು ಕಣೆ. ದಪ್ಪ, ನಿಧಾನ, ಹಟಮಾರಿ."

"ಯಾರನ್ನ ಹೇಳ್ತಿದೀರಿ, ಗುಂಡನ್ನೋ ನಮ್ಮಪ್ಪನನ್ನೋ?"

ನಾನು ಮುದ್ದೆ ನುಂಗಿದೆ. ಅವಳು ಬಿಡಲಿಲ್ಲ. "ನಲವತ್ತು ವರ್ಷದಲ್ಲಿ ಅಪ್ಪ ಎರಡನೇ ಈಡು ಹೊಡೆದವರಲ್ಲ."

"ನಾನೂ ಎರಡನೇ ಈಡು ಹೊಡೆದವನಲ್ಲ."

"ಮೊದಲನೇದು ಕೇಳಿಸ್ಕೊಂಡೇ ಜಿಂಕೆ ಕ್ರೊಯೇಷಿಯಾದಲ್ಲಿರತ್ತೆ. ಎರಡನೇದು ಯಾರಿಗೆ ಹೊಡೀತೀರಿ?"

ಈ ಹೊತ್ತಿಗೆ ಸರಿಯಾಗಿ ವಿಂಕೊ ಬಂದ. ಊಟದ ವಾಸನೆ ಅವನಿಗೆ ಮೂರು ಬೆಟ್ಟದಾಚೆಯಿಂದ ಗೊತ್ತಾಗುತ್ತದೆ. ಕೂತು, ತಟ್ಟೆ ಎಳೆದುಕೊಂಡು, "ಭಾವ, ನನ್ನ ಮಾತು ಕೇಳು. ಮ್ಯಾಗ್ನಮ್ ತಗೋ, ಡಬಲ್ ಮದ್ದಿಂದು. ಹೊಡೆದ್ರೆ ಜಿಂಕೆ ನಿಂತಲ್ಲೇ ಮಾಯ" ಎಂದ.

"ಜಿಂಕೆ ಮಾಯ, ಮಾಂಸಾನೂ ಮಾಯ," ಎಂದಳು ಮಿಲೋಯ್ಕ. "ಹೋದ ವರ್ಷ ನೀನು ಹೊಡೆದದ್ದನ್ನ ಮರದ ತೊಗಟೆಯಿಂದ ಕೆರೆದು ತಂದ್ರಲ್ಲ, ಮರೆತುಹೋಯ್ತಾ?"

ಆರೂವರೆಯ ಪರವಾಗಿ ನಾನು ಹೇಳಿದ ಗಾಳಿ, ವೇಗ, ನೇರ ಎಲ್ಲವೂ ಬರೀ ನೆಪ. ಒಳಗಿನ ನಿಜ ಬೇರೆ. ಎಂಟರ ಒದೆತಕ್ಕೆ ನಾನು ಹೆದರುತ್ತೇನೆ. ಮಾವ ಒಂದೇ ಒಂದು ಸಲ ಆ ಕೋವಿಯನ್ನು ನನ್ನ ಕೈಗೆ ಕೊಟ್ಟಿದ್ದರು, ಮದುವೆಯ ಮಾರನೆಯ ವಾರ. ಗುಂಡು ಎಲ್ಲಿ ಹೋಯಿತೋ ಗೊತ್ತಿಲ್ಲ. ನಾನು ಮಾತ್ರ ಬೆನ್ನಡಿಯಾಗಿ ಜರೀಗಿಡದ ಪೊದೆಯಲ್ಲಿದ್ದೆ, ಹುಬ್ಬು ಒಡೆದು ರಕ್ತ ಸುರಿಯುತ್ತಿತ್ತು. ಮಾವ ಮೇಲಿಂದ ಬಗ್ಗಿ ನೋಡಿ, ಪೈಪು ತೆಗೆದು, "ಹ್ಞೂಂ" ಎಂದಿದ್ದರು. ಆ "ಹ್ಞೂಂ" ಇಪ್ಪತ್ತಮೂರು ವರ್ಷ ನನ್ನ ಕಿವಿಯಲ್ಲಿತ್ತು.

ಕೊನೆಗೆ ಗೆದ್ದವನು ನಾನೇ. ಬಹುಶಃ ನಮ್ಮ ದಾಂಪತ್ಯದಲ್ಲೇ ಮೊದಲ ಸಲ. ಸೋಮವಾರ ಮಧ್ಯಾಹ್ನ ನನ್ನ ಕೋವಿ ತೆಗೆದುಕೊಂಡು, ಸೊಂಟದ ಚರ್ಮದ ಚೀಲದಲ್ಲಿ ಐದು ಆರೂವರೆ ತುಂಬಿಕೊಂಡು, ಅಟ್ಟಣೆ ಹತ್ತಿ ಮರಸು ಕೂತೆ. ತುಂಬೋಣವೆಂದು ಚೀಲ ಬಿಚ್ಚಿದರೆ ಒಳಗಿದ್ದದ್ದು ಐದೂ ಎಂಟು.

ಹಿತ್ತಾಳೆ ಕಪ್ಪು ತಿರುಗಿದ, ಮೂತಿ ಮೊಂಡಾದ, ಮಾವನ ಹಳೆಯ ಎಂಟು. ನನ್ನ ಕೋವಿಯ ಬಾಯಿಗೆ ಅದು ಹೋಗುವುದೇ ಇಲ್ಲ. ಅಷ್ಟರಲ್ಲಿ ಬೀಚ್ ಮರಗಳ ನಡುವಿನಿಂದ ಆ ಮುದಿ ಜಿಂಕೆ ಹೊರಗೆ ಬಂತು. ಎಲೆಯ ಮೇಲೆ ಕಾಲಿಟ್ಟರೂ ಸದ್ದಿಲ್ಲ. ಬಂದು, ನಿಂತು, ಅಟ್ಟಣೆಯ ಕಡೆ ತಲೆಯೆತ್ತಿ ನೋಡಿತು. ನನ್ನನ್ನಲ್ಲ, ನನ್ನ ಪಕ್ಕದ ಖಾಲಿ ಜಾಗವನ್ನು. ಎಷ್ಟೋ ಹೊತ್ತು ಹಾಗೇ ನೋಡಿ ಮಂಜಿನೊಳಕ್ಕೆ ಹೋಯಿತು.

ಮನೆಗೆ ಬಂದವನೇ ಹಾರಾಡಿದೆ. "ಇದೇನೇ ಇದು? ಚೀಲದಲ್ಲಿ ತೋಟಾ ಬದಲಾಯಿಸಿ ನನ್ನ ಮರ್ಯಾದೆ ತೆಗೀತೀಯಾ?"

"ನಾನ್ಯಾಕ್ರೀ ಬದಲಾಯಿಸ್ಲಿ? ಬದಲಾಯಿಸ್ಬೇಕು ಅಂದ್ರೆ ನಿಮ್ಮನ್ನೇ ಬದಲಾಯಿಸ್ತಿದ್ದೆ."

ಮಂಗಳವಾರ ಚೀಲವನ್ನು ನಾನೇ ಮೂರು ಸಲ ಬಿಚ್ಚಿ ನೋಡಿದೆ. ಬಾಗಿಲಲ್ಲಿ ಒಂದು ಸಲ, ಸೇತುವೆಯ ಹತ್ತಿರ ಒಂದು ಸಲ, ಏಣಿಯ ಬುಡದಲ್ಲಿ ಒಂದು ಸಲ. ಮೂರು ಸಲವೂ ಆರೂವರೆ. ಏಣಿ ಹತ್ತಿ ಕೂತು ಬಿಚ್ಚಿದರೆ ಎಂಟು! ಕೈಗೆ ತಗಲಿದಾಗ ಅವು ಬೆಚ್ಚಗಿದ್ದವು, ಯಾರದೋ ಜೇಬಿನಿಂದ ಆಗ ತಾನೇ ತೆಗೆದ ಹಾಗೆ. ಜಿಂಕೆ ಮತ್ತೆ ಬಂತು, ಮತ್ತೆ ಆ ಖಾಲಿ ಜಾಗ ನೋಡಿತು, ಮತ್ತೆ ಹೋಯಿತು. ನಾನು ಏಣಿಯ ಮೆಟ್ಟಿಲು ಎರಡೆರಡು ಬಿಟ್ಟು ಇಳಿದೆ.

ಈ ಸಲ ಕೂಗಾಡಲಿಲ್ಲ. ಐದು ಎಂಟುಗಳನ್ನು ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದೆ. ಮಿಲೋಯ್ಕ ಸೌಟು ಕೆಳಗಿಟ್ಟಳು. ಅಪ್ಪನ ಸಮಾಧಿಯಾಣೆ ತಾನು ಮುಟ್ಟಿಲ್ಲ ಎಂದಳು. ಅವಳು ಆ ಆಣೆಯನ್ನು ಸುಮ್ಮನೆ ಇಡುವವಳಲ್ಲ.

"ಅಪ್ಪನಿಗೆ ನಿಮ್ಮ ಆರೂವರೆ ಇಷ್ಟ ಇಲ್ಲ ಕಣ್ರೀ," ಎಂದಳು ಮೆಲ್ಲಗೆ.

"ನಿಮ್ಮಪ್ಪನಿಗೆ ನನ್ನದು ಯಾವುದು ಇಷ್ಟ ಇತ್ತು?"

"ಹಟ ಮಾಡ್ಬೇಡಿ. ಎಂಟು ತಗೊಂಡು ಹೋಗಿ. ಅಟ್ಟಣೆ ಕೈ ತಪ್ಪಿದ್ರೆ ಅಪ್ಪ ಎಲ್ಲಿಗೆ ಹೋಗ್ಬೇಕು ಹೇಳಿ? ಅವರಿಗೆ ಇನ್ನೆಲ್ಲಿದೆ ಜಾಗ?" ಎಂದವಳೇ ಅಳತೊಡಗಿದಳು.

ಆಗಲೇ ನಾನು ಒಪ್ಪಿಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ಆದರೆ ಗಂಡಸಿನ ಹಟ! ಬದುಕಿದ್ದಾಗಂತೂ ಎದುರು ಮಾತಾಡಲಾಗಲಿಲ್ಲ, ಸತ್ತ ಮೇಲಾದರೂ ಮಾವನನ್ನು ಒಂದು ಸಲ ಸೋಲಿಸಬೇಡವೇ?

ಬುಧವಾರ ಐದು ಆರೂವರೆಯನ್ನು ಅಂಗಿಯ ಜೇಬಿಗೆ ಹಾಕಿ, ಗುಂಡಿ ಹಾಕಿ, ಮೇಲೆ ಸ್ವೆಟರ್ ತೊಟ್ಟು, ಅದರ ಮೇಲೆ ಕೋಟು ತೊಟ್ಟೆ. ಮಿಲೋಯ್ಕ ಹಬ್ಬದ ಹಾಡಿನ ಅಭ್ಯಾಸಕ್ಕೆಂದು ಚರ್ಚಿನ ಸಭಾಂಗಣಕ್ಕೆ ಹೋದಳು, ಬೀಗದ ಕೈ ಕೊರಳಲ್ಲೇ ಇತ್ತು. ನಾನು ದಾರಿಯುದ್ದಕ್ಕೂ ಎದೆಯ ಮೇಲೆ ಕೈಯಿಟ್ಟುಕೊಂಡೇ ನಡೆದೆ. ಎದುರು ಸಿಕ್ಕಿದ ಪಾದ್ರಿಗಳು ನನ್ನ ಭಕ್ತಿ ಕಂಡು ಟೋಪಿ ತೆಗೆದರು.

ಅಟ್ಟಣೆ ಹತ್ತಿದ ತಕ್ಷಣ ಜೇಬು ಬಿಚ್ಚಿದೆ. ಆರೂವರೆ! ಕೋವಿಗೆ ತುಂಬಿದೆ, ಒಳಗೆ ಕೂತದ್ದನ್ನು ಕಣ್ಣಾರೆ ನೋಡಿದೆ. ಗೆದ್ದೆ ಎಂದುಕೊಂಡೆ.

ಇಳಿಹೊತ್ತಿನ ಮಂಜು ನೆಲದಿಂದ ಮೇಲೆದ್ದು ಏಣಿಯ ಅರ್ಧಕ್ಕೆ ಬಂತು. ಹಕ್ಕಿಯ ದನಿಯಿಲ್ಲ, ಎಲೆ ಉದುರುವ ಸದ್ದೂ ಇಲ್ಲ. ಆಗ ಪೈಪಿನ ತಂಬಾಕಿನ ವಾಸನೆ ಬಂತು. ಒಣಗಿದ ಪ್ಲಮ್ ಹಣ್ಣು ಬೆರೆಸಿದ ತಂಬಾಕು. ಊರಿನಲ್ಲಿ ಅದನ್ನು ಸೇದುತ್ತಿದ್ದವರು ಒಬ್ಬರೇ. ಆಮೇಲೆ ನಾನು ಕೂತಿದ್ದ ಹಲಗೆ ಬಲಗಡೆಗೆ ಕಿರ್ರೆಂದು ತಗ್ಗಿತು, ಭಾರದ ಮನುಷ್ಯರೊಬ್ಬರು ನಿಧಾನವಾಗಿ ಕೂತಾಗ ತಗ್ಗುವಷ್ಟು. ನಾನು ಎಡಗಡೆಯಲ್ಲಿ ಒಂದು ಗೇಣು ಮೇಲೇರಿದೆ. ಬಲಕ್ಕೆ ಮಾತ್ರ ನೋಡಲಿಲ್ಲ. ಮಾವ ಬದುಕಿದ್ದಾಗಲೇ ಅವರ ಮುಖವನ್ನು ನೆಟ್ಟಗೆ ನೋಡುವ ಧೈರ್ಯ ಇರಲಿಲ್ಲ, ಈಗ ಎಲ್ಲಿಂದ ತರಲಿ?

ಜಿಂಕೆ ಬಂತು. ಮಂಜಿನ ಮೇಲೆ ಮೊದಲು ಕೊಂಬು ಮಾತ್ರ ತೇಲಿಬಂತು, ಆಮೇಲೆ ಕುತ್ತಿಗೆ, ಆಮೇಲೆ ಎದೆ. ನಿಂತಿತು. ನಾನು ಕೋವಿ ಏರಿಸಿದೆ. ಮುಂಗಾಲಿನ ಹಿಂದೆ ಗುರಿಯಿಟ್ಟೆ. ಕಣ್ಣು ಮುಚ್ಚಿದೆ (ಹೌದು ಸ್ವಾಮಿ, ಮುಚ್ಚಿದೆ). ಬೆರಳು ಒತ್ತಿದೆ.

ಢಮ್!

ಕಣ್ಣು ಬಿಟ್ಟಾಗ ಜಿಂಕೆ ಕುಸಿದು ಬಿದ್ದಿತ್ತು. ಒಂದೇ ಈಡು! ಬಲಗಿವಿ ಗುಂಯ್ ಎನ್ನುತ್ತಿತ್ತು. ಆದರೆ ಭುಜಕ್ಕೆ ಏನೇನೂ ಆಗಿರಲಿಲ್ಲ, ಹುಬ್ಬು ಇದ್ದಲ್ಲೇ ಇತ್ತು. ಹಲಗೆ ಮತ್ತೆ ಸಮವಾಯಿತು, ತಂಬಾಕಿನ ವಾಸನೆಯೂ ಹೋಯಿತು. ಪದ್ಧತಿಯಂತೆ ಒಂದು ಸಿಗರೇಟು ಮುಗಿಯುವ ತನಕ ಕಾದು ಇಳಿದೆ. ಜಿಂಕೆಯ ಬಾಯಿಗೆ ಕೊನೆಯ ತುತ್ತೆಂದು ಸ್ಪ್ರೂಸ್ ಮರದ ಹಸಿ ರೆಂಬೆ ಇಟ್ಟೆ. ಟೋಪಿ ತೆಗೆದು ತಲೆ ಬಾಗಿಸಿದೆ. ಇನ್ನೊಂದು ರೆಂಬೆಯನ್ನು ಅದರ ರಕ್ತದಲ್ಲಿ ಅದ್ದಿ ನನ್ನ ಟೋಪಿಗೆ ಸಿಕ್ಕಿಸಿಕೊಂಡೆ. ಹೊಡೆದವನಿಗೆ ಮಾತ್ರ ಸಲ್ಲುವ ಮುಕುಟ ಅದು. ನಮ್ಮಲ್ಲಿ ಇನ್ನೊಬ್ಬರ ಜಿಂಕೆಯ ರೆಂಬೆ ಮುಡಿಯುವುದೆಂದರೆ ಇನ್ನೊಬ್ಬರ ಹೆಂಡತಿಯ ಕೈ ಹಿಡಿದು ಚರ್ಚಿಗೆ ಹೋದ ಹಾಗೆ.

ಅಷ್ಟು ದೊಡ್ಡ ಜಿಂಕೆಯನ್ನು ಒಬ್ಬನೇ ಎಳೆಯಲಾಗುವುದಿಲ್ಲ. ಆಳು ಕರೆಯಲು ಊರಿಗೆ ಬಂದೆ. ನೇರ ದಾರಿ ಬಿಟ್ಟು, ಹಾಡಿನ ಅಭ್ಯಾಸ ನಡೆಯುತ್ತಿದ್ದ ಸಭಾಂಗಣದ ಕಿಟಕಿಯ ಮುಂದೆ ಎರಡು ಸಲ ಹಾದೆ. ಮಿಲೋಯ್ಕ ಟೋಪಿಯ ಮೇಲಿನ ರೆಂಬೆ ಕಂಡು ಹಾಡಿನ ನಡುವೆಯೇ ಕಿರುಚಿದಳು. ಅಲ್ಲಿಂದ ಹೋಟೆಲಿಗೆ. ಕೂಟದ ಹಿರಿಯ ಮಟೆವ್ಜ್ ಎದ್ದು ಬಂದು ಕೈ ಕುಲುಕಿದರು. ಪ್ಲಮ್ ಬ್ರಾಂದಿ ಸುರಿಯಿತು. ವಿಂಕೊನ ಮುಖ ಹರಳೆಣ್ಣೆ ಕುಡಿದವನ ಹಾಗಾಯಿತು. ಸಿಕ್ಕಿದ್ದೇ ಅವಕಾಶ ಎಂದು ನಾನು ಕಾಡತೂಸಿನ ಆಯ್ಕೆಯ ಕುರಿತು ಒಂದು ಉಪನ್ಯಾಸವನ್ನೇ ಬಿಗಿದೆ.

"ನೀವು ನಂಬಲ್ಲ," ಎಂದೆ, ಮೇಜು ಗುದ್ದಿ. "ಆರೂವರೇಲಿ ಒದೆತ ಅನ್ನೋದೇ ಇಲ್ಲ! ಭುಜಕ್ಕೆ ತಾಗಿದ್ದೇ ಗೊತ್ತಾಗ್ಲಿಲ್ಲ!"

"ಸ್ವಲ್ಪಾನೂ ಇಲ್ವಾ?" ಎಂದರು ಮಟೆವ್ಜ್.

"ಒಂಚೂರೂ ಇಲ್ಲ ಹಿರಿಯರೇ, ಆಣೆ!"

ಅವರು ಏನೋ ಯೋಚಿಸುತ್ತಾ ಗಡ್ಡ ಕೆರೆದುಕೊಂಡರು. ನಾನು ಗಮನಿಸಲಿಲ್ಲ.

ಟ್ರ್ಯಾಕ್ಟರು, ಲಾಟೀನು ಹಿಡಿದುಕೊಂಡು ಏಳು ಜನ ಹೋದೆವು. ಮಟೆವ್ಜ್ ಜಿಂಕೆಯ ಪಕ್ಕ ಮಂಡಿಯೂರಿ ಗಾಯ ನೋಡಿದರು. ಕಿರುಬೆರಳು ಹಾಕಿದರು. ತೋರುಬೆರಳು ಹಾಕಿದರು. ಎದ್ದು ನಿಂತಾಗ ಮುಖ ಬಿಳಿಚಿತ್ತು.

"ಲೋವ್ರೊ, ಇದು ಆರೂವರೆ ಅಲ್ಲ. ನಿನ್ನ ಕೋವಿ ತೆಗಿ."

ತೆಗೆದೆ. ಹಿಂದಿನ ಬೋಲ್ಟು ಎಳೆದರೆ ಒಳಗಿನಿಂದ ನನ್ನ ಆರೂವರೆ ಹಾಗೇ ಚಿಮ್ಮಿ ಎಲೆಯ ಮೇಲೆ ಬಿತ್ತು. ಗುಂಡು ಸಮೇತ, ತಾಜಾ, ಕನ್ಯೆ. ಹಿಂಬದಿಯಲ್ಲಿ ಕೋವಿಯ ಸೂಜಿ ಚುಚ್ಚಿದ ಗುರುತೂ ಇಲ್ಲ. ಗುಂಡು ಹಾರದಂತೆ ತಡೆಯುವ ಸೇಫ್ಟಿಯನ್ನು ನಾನು ತೆಗೆದೇ ಇರಲಿಲ್ಲ.

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ವಿಂಕೊ ಲಾಟೀನು ಹಿಡಿದು ಅಟ್ಟಣೆ ಹತ್ತಿದ, ಹತ್ತಿದಷ್ಟೇ ಬೇಗ ಇಳಿದ. ಅಂಗೈಯಲ್ಲಿ ಒಂದು ಖಾಲಿ ಹಿತ್ತಾಳೆ. ಎಂಟರದ್ದು.

"ಹಲಗೇ ಮೇಲೆ, ಬಲಗಡೆ ಇತ್ತು ಭಾವ," ಎಂದ. ಅವನ ಹಲ್ಲು ಕಟಕಟ ಎನ್ನುತ್ತಿತ್ತು. "ಇನ್ನೂ ಬಿಸಿ ಇದೆ."

ಹೊಡೆದು ಒಂದೂವರೆ ಗಂಟೆಯಾಗಿತ್ತು. ಆ ಚಳಿಯಲ್ಲಿ! ಎಲ್ಲರೂ ಒಬ್ಬೊಬ್ಬರಾಗಿ ಟೋಪಿ ತೆಗೆದರು. ನನ್ನ ಟೋಪಿಯಿಂದ ಆ ರೆಂಬೆಯನ್ನು ಮಟೆವ್ಜ್ ತಾವೇ ಕಿತ್ತು, ಏಣಿ ಹತ್ತಿ, ಹಲಗೆಯ ಬಲಗಡೆ ಇಟ್ಟು ಬಂದರು.

ಮನೆಗೆ ಹೋಗಿ ಬೀರು ತೆಗೆಸಿದೆವು. ಮಿಲೋಯ್ಕ ಕೊರಳಿನಿಂದ ಸರ ತೆಗೆದು ಬೀಗದ ಕೈ ಕೊಟ್ಟಳು. ಹಾಡಿನ ಮೇಳದ ಮೂವತ್ತು ಹೆಂಗಸರ ನಡುವೆ ಸಂಜೆಯಿಡೀ ಕೂತಿದ್ದವಳು ಅವಳು. ಮಾವನ ಕೋವಿ ಇದ್ದಲ್ಲೇ ಇತ್ತು. ಮಟೆವ್ಜ್ ನಳಿಗೆಯನ್ನು ಮೂಗಿನ ಹತ್ತಿರ ಹಿಡಿದು ಮಿಲೋಯ್ಕಳ ಕೈಗೆ ಕೊಟ್ಟರು. ಅವಳೂ ಮೂಸಿದಳು, ಮದ್ದಿನ ಹಸಿ ವಾಸನೆ. ಹಿಡಿಯನ್ನು ಕೆನ್ನೆಗೆ ಒತ್ತಿಕೊಂಡು, "ಅಪ್ಪಾ, ಒಂದೇ ಈಡಿಗೆ ಬೀಳಿಸಿದ್ಯಾ?" ಎಂದು ಅಳುತ್ತಾ ನಕ್ಕಳು. ಇಪ್ಪತ್ತಮೂರು ವರ್ಷದಲ್ಲಿ ನನ್ನ ಯಾವ ಕೆಲಸಕ್ಕೂ ಅವಳು ಹಾಗೆ ನಕ್ಕಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಹಬ್ಬದ ದಿನ ಬೇಟೆಗಾರರ ನ್ಯಾಯಾಲಯ ಸೇರಿತು. ನನ್ನ ಮೇಲಿನ ಆರೋಪ, ಪರರ ರೆಂಬೆ ಮುಡಿದದ್ದು. ಶಿಕ್ಷೆ, ದಿಮ್ಮಿಯ ಮೇಲೆ ಬೋರಲು ಮಲಗಿಸಿ ಬೆತ್ತದ ಮೂರೇಟು. ಮೊದಲನೆಯದು ಜಿಂಕೆಯ ಪರವಾಗಿ, ಎರಡನೆಯದು ಕೂಟದ ಪರವಾಗಿ, ಮೂರನೆಯದು ಅಂಬ್ರೋಜರ ಪರವಾಗಿ. ಎರಡು ಏಟು ತಮಾಷೆಗೆ ಹೊಡೆದ ಹಾಗಿದ್ದವು. ಮೂರನೆಯದಕ್ಕೆ ನಾನು ಚಿಟಾರನೆ ಚೀರಿದೆ. ಮಟೆವ್ಜ್ ಮೂರನೆಯದಕ್ಕೆ ಬೆತ್ತವನ್ನು ಇನ್ನೂ ಎತ್ತಿರಲೇ ಇಲ್ಲವಂತೆ.

ಆಮೇಲೆ ಅಟ್ಟಣೆಯ ತೀರ್ಪು. "ಅಂಬ್ರೋಜ್ ತಮ್ಮ ಪಾಲಿನ ಜಿಂಕೇನ ತಾವೇ ಹೊಡೆದಿದಾರೆ. ಆದ್ದರಿಂದ ಅಟ್ಟಣೆ ಅಂಬ್ರೋಜರದ್ದೇ," ಎಂದರು ಮಟೆವ್ಜ್.

"ಸತ್ತವರ ಹೆಸರಲ್ಲಿ ಅಟ್ಟಣೆ ಇಡೋಕಾಗತ್ತಾ?" ಎಂದು ವಿಂಕೊ ಎದ್ದ.

"ಸತ್ತು ಒಂದು ಹೊಡೆದ್ರು. ನೀನು ಬದುಕಿದ್ದು ಈ ವರ್ಷ ಎಷ್ಟು ಹೊಡೆದೆ?"

ವಿಂಕೊ ಕೂತ. ಮಿಲೋಯ್ಕ ಮಹಿಳೆಯರ ಸಾಲಿನಿಂದ ಚಪ್ಪಾಳೆ ತಟ್ಟಿದಳು. ನಾನೂ ತಟ್ಟಲು ಕೈಯೆತ್ತಿದೆ, ಅಷ್ಟರಲ್ಲಿ ಮಟೆವ್ಜ್ ನನ್ನ ಕಡೆ ತಿರುಗಿದರು. ಸೇಫ್ಟಿ ತೆಗೆಯದೆ, ಕಣ್ಣು ಮುಚ್ಚಿಕೊಂಡು (ವಿಚಾರಣೆಯಲ್ಲಿ ನಾನೇ ಬಾಯಿಬಿಟ್ಟಿದ್ದೆ) ಬೇಟೆಯಾಡುವವನು ಕೂಟದ ಪೂರ್ಣ ಸದಸ್ಯನಾಗಿರಲು ಅರ್ಹನಲ್ಲವಂತೆ. ಹತ್ತೊಂಬತ್ತು ವರ್ಷದ ಅನುಭವ ರದ್ದು. ಮತ್ತೆ ಕಲಿಕೆಗಾರನಾಗಿ ಒಂದು ವರ್ಷ ಗುರುವಿನ ಕೈಕೆಳಗೆ. ಪ್ರತಿ ಶನಿವಾರ ಅಟ್ಟಣೆ ಗುಡಿಸಬೇಕು, ಜಿಂಕೆಗಳಿಗೆ ನೆಕ್ಕಲು ಉಪ್ಪಿಡಬೇಕು, ದಿನಚರಿ ಬರೆಯಬೇಕು. ಗುರು ಸಹಿ ಹಾಕಿದರೆ ಮಾತ್ರ ತೇರ್ಗಡೆ.

"ಗುರು ಯಾರು?" ಎಂದೆ.

ಇಡೀ ಸಭೆ ಮಾವನ ಅಟ್ಟಣೆಯಿರುವ ಕಾಡಿನ ಕಡೆ ತಿರುಗಿತು.

ಮಿಲೋಯ್ಕ ಆ ರಾತ್ರಿಯೇ ಹೊಸ ದಿನಚರಿಯನ್ನು ತಂದು, ಮಾವನ ಕೋಣೆಯಲ್ಲಿ ಅವರ ಮೇಜಿನ ಮೇಲೆ ತೆರೆದಿಟ್ಟು, ಪಕ್ಕದಲ್ಲಿ ಪೆನ್ಸಿಲ್ ಇಟ್ಟಳು. ಮೊದಲ ಪುಟದಲ್ಲಿ ನಾನೇ ದುಂಡಗೆ ಬರೆದಿದ್ದೆ: "ಕಾಡತೂಸಿನ ಆಯ್ಕೆ: ಆರೂವರೆ. ಕಾರಣ: ಗಾಳಿಗೆ ಬಾಗುವುದಿಲ್ಲ." ಬೆಳಿಗ್ಗೆ ನೋಡಿದರೆ ಅದರ ಮೇಲೆ ಉದ್ದಕ್ಕೆ ಒಂದು ಗೆರೆ. ಕೆಳಗೆ ಪೆನ್ಸಿಲ್ಲಿನ ಚೌಕ ಅಕ್ಷರದಲ್ಲಿ, "ಎಂಟು. ಇನ್ನೊಂದು ಸಲ ಹೇಳುವುದಿಲ್ಲ."

ಪುಸ್ತಕ ಹಿಡಿದುಕೊಂಡು ಅಡುಗೆಮನೆಗೆ ಓಡಿದೆ. ಕೊನೆಯ ಆಸೆ ನನಗೆ.

"ನಿಜ ಹೇಳು ಮಿಲೋಯ್ಕ. ಇದನ್ನ ಬರೆದೋಳು ನೀನು ತಾನೇ? ನೀನೇ ಅಂತ ಹೇಳು, ನಾನು ಬೈಯಲ್ಲ, ಕೈಮುಗೀತೀನಿ."

ಅವಳು ಒದ್ದೆ ಕೈಯನ್ನು ಸೆರಗಿಗೆ, ಅಲ್ಲ, ಮೇಲಂಗಿಗೆ ಒರೆಸಿಕೊಂಡು (ಗಾಬರಿಯಲ್ಲಿ ನನ್ನ ಮಾತೂ ತಪ್ಪುತ್ತದೆ ನೋಡಿ) ಆ ಸಾಲನ್ನು ಓದಿದಳು. ಆಮೇಲೆ ನನ್ನನ್ನು ಕನಿಕರದಿಂದ ನೋಡಿದಳು.

"ನಾನು ಬರೆದಿದ್ರೆ ಒಂದೇ ಸಾಲಿಗೆ ನಿಲ್ಲಿಸ್ತಿದ್ನೇನ್ರೀ?"

ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ನ್ಯಾಯಾಲಯಕ್ಕೆ ಬೇಕು? ಪುಸ್ತಕವನ್ನು ಮೇಜಿನ ಮೇಲೆ ಇದ್ದ ಹಾಗೇ ಇಟ್ಟು, ಟೋಪಿ ಹಾಕಿಕೊಂಡು, ಅಂಗಡಿಗೆ ಹೋಗಿ ಎರಡು ಪೆಟ್ಟಿಗೆ ಎಂಟು ತಂದೆ.